ಮಂತ್ರಿಗಳು ಉತ್ತರ ಹೇಳಬೇಕಾದುದು ಯಾರಿಗೆ?

ಪ್ರಜಾಪ್ರಭುತ್ವದಲ್ಲಿ ಮಂತ್ರಿಪದವಿಯೆಂಬುದು ಅಧಿಕಾರದ ಪೀಠವಾಗಿರುವಂತೆಯೇ ಉತ್ತರ ಹೇಳುವ ಕಟಕಟೆಯೂ ಆಗಿದೆ. ಖಾತೆಯ ಒಳ್ಳೆಯ ಕೆಲಸಕ್ಕೆ ಹಾರ ಹಾಕಿಸಿಕೊಳ್ಳುವವರು ಆ ಖಾತೆಯ ಬಾಕಿಗೂ ಕೊರಳೊಡ್ಡಬೇಕು. ಈ ಮಾತನ್ನು ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಳಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು ಮರೆತುಬಿಡುತ್ತೇವೆ. ಆದರೆ ಸಾರಿಗೆ ನೌಕರರ ಸಂಬಳದ ಪ್ರಶ್ನೆ ಎದ್ದಾಗಲೆಲ್ಲ ಆ ಪಾಠ ನನಗೆ ಮತ್ತೆ ನೆನಪಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಾಡಿಗೆ ಬಸ್ಸೇ ಕಾಲು. ಕಲಬುರಗಿಯ ದವಾಖಾನೆಗೆ ಹೊರಟ ಬಸುರಿ, ತೊಗರಿಯ ಧಾರಣೆ ವಿಚಾರಿಸಲು ಹೊರಟ ರೈತ, ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು, ಆಳಂದದ ದರ್ಗಾಕ್ಕೆ ಬರುವವರು, ಪುಸ್ತಕದ ಚೀಲ ಹೊತ್ತ ನಾವು, ಎಲ್ಲರೂ ಒಂದೇ ಬಸ್ಸಿನ ಬಾಗಿಲಲ್ಲಿ ಹತ್ತುವವರು. ನಮ್ಮ ಮನೆತನದಲ್ಲಿ ಬಿ.ಎ. ಕೊನೆಯ ವರ್ಷದವರೆಗೆ ಬಂದವಳು ನಾನೇ ಮೊದಲಿಗಳು. ಊರಲ್ಲಿ ಕಾಲೇಜಿಲ್ಲ, ಅಪ್ಪನ ಬಳಿ ಮೋಟಾರು ಸೈಕಲ್ಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾನೂ ನನ್ನ ಅವ್ವನೂ ಶೂನ್ಯ ಟಿಕೀಟಿನಲ್ಲಿ ಓಡಾಡುತ್ತೇವೆ. ನಮಗೆ ಟಿಕೀಟು ಶೂನ್ಯವಾದರೂ ಡ್ರೈವರನ ನಿದ್ದೆಗೇಡು ಶೂನ್ಯವಾಗಲಿಲ್ಲ, ಕಂಡಕ್ಟರನ ನೂಕುನುಗ್ಗಲು ಹೆಚ್ಚಾಯಿತು. ಹೀಗಿರುವಲ್ಲಿ ಅವರ ಪಗಾರದ ಮಾತು ನನಗೆ ಪರರ ಮನೆಯ ಮಾತಲ್ಲ.

ನಡೆದುದನ್ನು ಸ್ವಲ್ಪ ಕ್ರಮವಾಗಿ ನೋಡೋಣ. ತಮ್ಮನ್ನು ಸರಕಾರಿ ನೌಕರರೆಂದು ಪರಿಗಣಿಸಬೇಕೆಂದು ಸಾರಿಗೆ ನೌಕರರು 2020ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದರು. ಆಗಿನ ಸಾರಿಗೆ ಮಂತ್ರಿಗಳಾದ ಶ್ರೀ ಲಕ್ಷ್ಮಣ ಸವದಿಯವರು ಆ ಮುಖ್ಯ ಬೇಡಿಕೆಯೊಂದನ್ನು ಬಿಟ್ಟು ಉಳಿದವುಗಳ ವಿಷಯದಲ್ಲಿ ಭರವಸೆಯಿತ್ತರು; ಬಸ್ಸುಗಳು ಹೊರಟವು. ಭರವಸೆ ಈಡೇರಲಿಲ್ಲವೆಂದು, ಆರನೆಯ ವೇತನ ಆಯೋಗದ ಪ್ರಕಾರ ಸಂಬಳ ಬೇಕೆಂದು, 2021ರ ಏಪ್ರಿಲ್ 7ರಿಂದ ಮತ್ತೆ ಮುಷ್ಕರ ಆರಂಭವಾಗಿ 21ರವರೆಗೆ, ಹದಿನೈದು ದಿನ, ನಡೆಯಿತು. ಸರಕಾರ ಶೇಕಡಾ 8ರ ಏರಿಕೆಯ ಮಾತಾಡಿತು. ಆದರೆ ನಮ್ಮ ನೆರೆಯ ಬಸವಕಲ್ಯಾಣವೂ ಸೇರಿದಂತೆ ಉಪಚುನಾವಣೆಗಳಿದ್ದುದರಿಂದ ಚುನಾವಣಾ ಆಯೋಗದ ಅಪ್ಪಣೆ ಬೇಕೆಂದಿತು. ಅನೇಕ ನೌಕರರು ವರ್ಗವಾದರು, ಅನೇಕರು ವಜಾ ಆದರು. ಕೊನೆಗೆ ಉಚ್ಚ ನ್ಯಾಯಾಲಯ ಹೇಳಿದ ಮೇಲೆ ಬಸ್ಸುಗಳು ರಸ್ತೆಗಿಳಿದವು.

ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಿಸುವುದು ರೂಢಿ. 2020ರ ಜನವರಿ 1ರಿಂದ ಆಗಬೇಕಾಗಿದ್ದ ಪರಿಷ್ಕರಣೆ 2023ರ ಮಾರ್ಚಿನಲ್ಲಿ, ಶೇಕಡಾ 15ರ ಏರಿಕೆಯಾಗಿ ಬಂದಿತು. ನಡುವಿನ 38 ತಿಂಗಳ ಬಾಕಿ ಮಾತ್ರ ತಕರಾರಿನಲ್ಲಿ ಉಳಿಯಿತು. ಅಷ್ಟರಲ್ಲಿ 2024ರ ಜನವರಿ 1ರ ಪರಿಷ್ಕರಣೆಯ ಗಡುವೂ ದಾಟಿತು. ಈ ಎರಡು ಬೇಡಿಕೆಗಳನ್ನು ಮುಂದಿಟ್ಟುಕೊಂಡು 2025ರ ಆಗಸ್ಟ್ 5ರಂದು ಪುನಃ ಬಸ್ಸುಗಳು ನಿಂತವು. ಆಗ ಖಾತೆ ಶ್ರೀ ರಾಮಲಿಂಗಾರೆಡ್ಡಿಯವರದು. ಈ ಸಲವೂ ಮುಷ್ಕರ ನಿಂತದ್ದು ಉಚ್ಚ ನ್ಯಾಯಾಲಯದ ಆದೇಶದಿಂದಲೇ.

ಪಕ್ಷ ಬದಲಾಯಿತು, ಮಂತ್ರಿಗಳು ಬದಲಾದರು, ರೀತಿ ಬದಲಾಗಲಿಲ್ಲ. ಇದೇ ನನ್ನ ಆಕ್ಷೇಪದ ತಿರುಳು. ಚುನಾವಣೆಯೆಂಬುದು 2021ರಲ್ಲಿ ಸರಕಾರದ ಕೈ ಕಟ್ಟಿತು. ವಿಧಾನಸಭೆಯ ಚುನಾವಣೆಗೆ ಎರಡೇ ತಿಂಗಳು ಉಳಿದಿದ್ದ 2023ರ ಮಾರ್ಚಿನಲ್ಲಿ ಅದೇ ಕೈ ಬಿಚ್ಚಿತು. ಆ ತಿಂಗಳ 1ರಂದು ಸರಕಾರಿ ನೌಕರರು ಕೆಲಸ ನಿಲ್ಲಿಸಿದಾಗ ಶೇಕಡಾ 17ರ ಮಧ್ಯಂತರ ಪರಿಹಾರದ ಆದೇಶ ಅಂದೇ ಹೊರಟಿತಲ್ಲವೆ? ಅವರಿಗಾಗಿ ಶ್ರೀ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಏಳನೆಯ ವೇತನ ಆಯೋಗ ಕುಳಿತಿತು, ವರದಿ ಬಂದಿತು, 2024ರ ಆಗಸ್ಟ್ 1ರಿಂದ ಹೊಸ ವೇತನ ಜಾರಿಯಾಯಿತು. ಅವರಿಗೆ ಸಿಕ್ಕಿತೆಂದು ನನಗೆ ಹೊಟ್ಟೆಕಿಚ್ಚಿಲ್ಲ. ಕಚೇರಿಯಲ್ಲಿ ಕುಳಿತವರಿಗೆ ಆಯೋಗ, ಲೆಕ್ಕ, ವರದಿ. ಬಸ್ಸು ನಡೆಸುವವರಿಗೆ ಭರವಸೆ, ಸಭೆ, ನ್ಯಾಯಾಲಯ. ಈ ಭೇದವೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿಗಮಗಳು ಸ್ವತಂತ್ರ ಸಂಸ್ಥೆಗಳು, ಅವು ನಷ್ಟದಲ್ಲಿವೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ನಷ್ಟದ ಮಾತು ಸುಳ್ಳೆಂದು ನಾನು ಹೇಳಲಾರೆ. ಬೊಕ್ಕಸದ ಹಣ ಮಂತ್ರಿಗಳ ಸ್ವಂತದ್ದಲ್ಲ. ಅದೇ ಹಣದಿಂದ ನಮ್ಮ ಹಾಸ್ಟೆಲು, ಶಾಲೆ, ರಸ್ತೆಗಳು ನಡೆಯಬೇಕು. ಆದರೆ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ 34ನೆಯ ಕಲಮು ನೌಕರರ ನೇಮಕ, ಸೇವಾ ನಿಯಮ, ಸಂಬಳ ಇವುಗಳ ಬಗೆಗೆ ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೇ ಕೊಟ್ಟಿದೆ. ಉಚಿತ ಪ್ರಯಾಣವನ್ನು ಸಾರಿದವರು ಸರಕಾರದವರು. 2025ರ ಜನವರಿಯಲ್ಲಿ ದರವನ್ನು ಶೇಕಡಾ 15ರಷ್ಟು ಏರಿಸಲು ಒಪ್ಪಿದವರೂ ಸರಕಾರದವರೇ. ಟಿಕೀಟಿನ ದರ ಕಟ್ಟುವಾಗ ನಿಗಮ ಸರಕಾರದ್ದು, ಪಗಾರ ಕೇಳಿದಾಗ ಸ್ವತಂತ್ರ ಎಂದರೆ ಯಾರು ನಂಬಿಯಾರು?

ನಮ್ಮ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲಿಯೇ ಇದೆ. ಸಂಬಳದ ತೀರ್ಮಾನ ಮಾತ್ರ ಬೆಂಗಳೂರಿನಲ್ಲಿ. ಅಲ್ಲಿಯ ಕೋಣೆಯಲ್ಲಿ ಮಾತು ಮುರಿದರೆ ಇಲ್ಲಿಯ ಬಸ್‌ನಿಲ್ದಾಣದಲ್ಲಿ ಜನ ನಿಲ್ಲುತ್ತಾರೆ. ಉಳ್ಳವರಿಗೆ ಕಾರುಂಟು, ಬಸ್ಸು ನಿಂತರೆ ನಡೆಯುವವನು ಬಡವನೇ. ಈ ಮಾತನ್ನು ನೌಕರ ಸಂಘಗಳ ಮುಖಂಡರೂ ಮರೆಯಬಾರದು. ಆಳಂದ, ಅಫಜಲಪುರಗಳ ಗಡಿಗೆ ಹತ್ತಿದ ಮಹಾರಾಷ್ಟ್ರದಲ್ಲಿ 2021ರ ಕೊನೆಯಿಂದ ತಿಂಗಳುಗಟ್ಟಲೆ ನಡೆದ ಎಸ್.ಟಿ. ಮುಷ್ಕರದಲ್ಲಿ ಪ್ರಯಾಣಿಕನೂ ಬಳಲಿದ, ನೌಕರನೂ ಬಳಲಿದ. ಅಂಥ ಹಟ ಯಾರಿಗೂ ಹಿತವಲ್ಲ.

ಹಾಗಾದರೆ ಆಗಬೇಕಾದುದೇನು? ನನ್ನ ಅಲ್ಪಮತಿಗೆ ತೋಚಿದ್ದು ಮೂರು. ಒಂದು: ಒಪ್ಪಂದದ ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮೊದಲೇ ಮಾತುಕತೆ ಆರಂಭವಾಗಬೇಕು, ಗಡುವು ಗೊತ್ತಿದ್ದೂ ಮುಷ್ಕರದ ನೋಟೀಸಿಗಾಗಿ ಕಾಯುವುದು ಆಡಳಿತವೆನಿಸದು. ಎರಡು: ಮಂತ್ರಿಗಳು ಕೊಟ್ಟ ಮಾತು ಬರವಣಿಗೆಯಲ್ಲಿರಬೇಕು, ಈಡೇರದಿದ್ದರೆ ಕಾರಣವನ್ನು ವಿಧಾನಸಭೆಯಲ್ಲಿ ಹೇಳಬೇಕು. ಮೂರು: ಉಚಿತ ಪ್ರಯಾಣದ ಬಾಬತ್ತು ಸರಕಾರ ನಿಗಮಕ್ಕೆ ಕೊಡಬೇಕಾದುದೆಷ್ಟು, ಕೊಟ್ಟುದೆಷ್ಟು ಎಂಬ ಲೆಕ್ಕ ವರುಷ ವರುಷ ಜನರ ಮುಂದೆ ಬರಬೇಕು. ನನ್ನ ಶೂನ್ಯ ಟಿಕೀಟಿನ ಬೆಲೆಯನ್ನು ಕಂಡಕ್ಟರನ ಮನೆಯವರು ತೆರುತ್ತಿದ್ದಾರೆಂಬ ಸಂಶಯ ನನಗೆ ಬೇಡ.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಬಹುಮಂದಿ ನಾಳೆ ಸರಕಾರಿ ನೌಕರಿಗೆ ಅರ್ಜಿ ಹಾಕುವವರು. ಕೆಲವರು ಅತಿಥಿ ಉಪನ್ಯಾಸಕರಾದಾರು, ಕೆಲವರು ಕಂಡಕ್ಟರರೇ ಆದಾರು. ಇಂದು ಅವರ ಬಾಕಿಯನ್ನು ಅವರ ಪಾಡೆಂದು ಬಿಟ್ಟರೆ ನಾಳೆ ನಮ್ಮ ಬಾಕಿಯನ್ನು ಕೇಳುವವರಾರು? ಓಟು ಕೇಳಲು ಬಂದವರನ್ನು ರಸ್ತೆ, ನೀರು ಕೇಳುವಂತೆ ಇದನ್ನೂ ಕೇಳೋಣ: ಕಳೆದ ಸಲ ಕೊಟ್ಟ ಮಾತು ಯಾವ ತಾರೀಖಿಗೆ ನಡೆಯಿತು? ಮಂತ್ರಿಗಳಿಗೆ ಉತ್ತರ ಹೇಳುವ ಅಭ್ಯಾಸ ಬರಬೇಕಾದರೆ ಮೊದಲು ನಮಗೆ ಕೇಳುವ ಅಭ್ಯಾಸ ಬರಬೇಕು.