ನೋಡಿದವರ ಪಟ್ಟಿಯಲ್ಲಿ ನಮ್ಮ ಹೆಸರು



ಎರಡು ವರ್ಷಗಳ ಹಿಂದಿನ ಮಾತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಬಳಗದ ಹುಡುಗನೊಬ್ಬ ನಡುರಾತ್ರಿ ಕಳೆದ ಮೇಲೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಎರಡೇ ಸಾಲು ಬರೆದಿದ್ದ: ‘ಸಾಕಾಗಿದೆ. ಇನ್ನು ಯಾರಿಗೂ ಭಾರವಾಗಿರುವುದಿಲ್ಲ.’ ಬೆಳಗಿನ ಪೂಜೆ ಮುಗಿಸಿ ಫೋನು ತೆರೆದ ನಾವು ಅದನ್ನು ಕಂಡೆವು. ಕಂಡು ಮಾಡಿದ್ದಾದರೂ ಏನು? ಕೈಮುಗಿದ ಚಿತ್ರವೊಂದನ್ನು ಕಳುಹಿಸಿ, ‘ಎಲ್ಲವೂ ಒಳ್ಳೆಯದಾಗುತ್ತದೆ’ ಎಂದು ಬರೆದು, ಕರ್ತವ್ಯ ಮುಗಿಯಿತೆಂದು ಉಪಾಹಾರಕ್ಕೆ ಕುಳಿತೆವು. ಬಳಗದ ಎಷ್ಟೋ ಜನ ಅದನ್ನು ನೋಡಿದ್ದರು. ಫೋನು ಮಾಡಿದವರು ಹಾವೇರಿಯಲ್ಲಿದ್ದ ಅವನ ಚಿಕ್ಕಮ್ಮ ಒಬ್ಬರೇ.

ಆ ತಾಯಿ ಉಪದೇಶಕ್ಕೆ ಕೈಹಾಕಲಿಲ್ಲ. ‘ತಮ್ಮಾ, ನೀ ಬರದಿದ್ದು ನೋಡಿದೆ. ಸಾಯಬೇಕು ಅಂತ ಮನಸ್ಸಿನ್ಯಾಗ ಬಂದೈತೇನು?’ ಎಂದು ನೇರವಾಗಿ ಕೇಳಿದರು. ಹುಡುಗ ಬಹಳ ಹೊತ್ತು ಅತ್ತ. ಇವರು ‘ಹೂಂ’ ಎನ್ನುತ್ತ ಕೇಳಿದರು. ಅವನ ಕೋಣೆಯ ಗೆಳೆಯ ಬಂದು ಜೊತೆಗೆ ಕುಳಿತ ಮೇಲೆಯೇ ಫೋನು ಇಟ್ಟು ಬಸ್ಸು ಹತ್ತಿದರು. ಮರುದಿನ ಮನೋವೈದ್ಯರಲ್ಲಿಗೆ ಕರೆದೊಯ್ದವರೂ ಅವರೇ.

ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತಾದೀತು ಎಂಬ ಅಂಜಿಕೆ ಅನೇಕರಲ್ಲಿದೆ. ಅದು ನಿಜವಲ್ಲ, ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚೆಂದು ಮನೋವೈದ್ಯರು ಹೇಳುತ್ತಾರೆ.

ದುಃಖದ ಸಿನಿಮಾ ಹಾಡು ಹಾಕಿದವರೆಲ್ಲ ರೋಗಿಗಳಲ್ಲ. ಹರೆಯದ ಮಕ್ಕಳಿಗೆ ಅದೂ ಒಂದು ಶೋಕಿ! ನೋಡಬೇಕಾದುದು ಆ ವ್ಯಕ್ತಿಯಲ್ಲೇ ಆದ ಬದಲಾವಣೆಯನ್ನು. ದಿನವೂ ಫೋಟೋ ಹಾಕುತ್ತಿದ್ದವಳು ಒಮ್ಮೆಲೇ ಮೌನವಾಗುವುದು, ನಿದ್ದೆಯಿಲ್ಲದ ಅಪರಾತ್ರಿಯ ಬರಹಗಳು, ತನ್ನ ಚಿತ್ರವನ್ನು ತೆಗೆದುಹಾಕುವುದು, ಎಲ್ಲರಲ್ಲೂ ಕ್ಷಮೆ ಕೋರುವುದು, ಸಾವಿನ ಬಗ್ಗೆ ಮತ್ತೆ ಮತ್ತೆ ಹಾಸ್ಯವಾಡುವುದು. ಊಟ, ನಿದ್ರೆ, ಓದು ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮೀರಿ ಮುಂದುವರಿದರೆ ಅದು ಬರಿಯ ಬೇಸರವಲ್ಲ, ಖಿನ್ನತೆಯಿರಬಹುದು, ವೈದ್ಯರನ್ನು ಕಾಣಬೇಕು. ‘ಭಾರವಾಗಿದ್ದೇನೆ’ ಎಂಬ ಮಾತಿಗಂತೂ ಒಂದು ದಿನವೂ ಕಾಯಲಾಗದು.

ಅಂಥ ಬರಹವನ್ನು ಫೋಟೋ ತೆಗೆದು ಮನೆತನದ ಗುಂಪಿಗೆ ಹಾಕುವುದು ಮಹಾ ತಪ್ಪು. ಬರಹದ ಕೆಳಗೆ ಎಲ್ಲರೆದುರು ಬುದ್ಧಿ ಹೇಳುವುದೂ ಅಷ್ಟೇ. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎಂಬ ಮಾತನ್ನು ಹಿರಿಯರಾದ ನಾವು ದಯವಿಟ್ಟು ನುಂಗಿಕೊಳ್ಳೋಣ. ಇತ್ತು, ಹೇಳಿಕೊಳ್ಳಲು ಜಾಗವಿರಲಿಲ್ಲ.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಪ್ರಾಣಕ್ಕೆ ತಕ್ಷಣದ ಅಪಾಯವೆನಿಸಿದರೆ 112ಕ್ಕೆ ಕರೆಮಾಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಪೊಲೀಸರ ಅಂಜಿಕೆಯಿಂದ ಮುಚ್ಚಿಡುವ ಮನೆಗಳು ಇಂದಿಗೂ ಇವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರೊಂದರಲ್ಲೇ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು.

ಔಷಧದ ಗುಣ ಕಾಣಲು ಕೆಲವು ವಾರಗಳೇ ಬೇಕು. ಆ ವಾರಗಳಲ್ಲಿ ಹುಡುಗ ಚಿಕ್ಕಮ್ಮನ ಮನೆಯಲ್ಲಿದ್ದ. ಮಾತ್ರೆ ನುಂಗಿದನೇ, ಉಂಡನೇ ಎಂದು ನೋಡಿಕೊಳ್ಳುವುದರ ಹೊರತು ಅವರು ಬೇರೇನನ್ನೂ ಒತ್ತಾಯಿಸಲಿಲ್ಲ. ಒಂದು ವರ್ಷ ಹಿಂದೆ ಬಿದ್ದರೂ ಈಗ ಮತ್ತೆ ಓದುತ್ತಿದ್ದಾನೆ.

ಈಚೆಗೆ ಮನೆಗೆ ಬಂದಾಗ ಆ ರಾತ್ರಿಯ ಮಾತನ್ನು ಅವನೇ ತೆಗೆದ. ಸ್ಟೇಟಸ್ಸನ್ನು ಯಾರು ಯಾರು ನೋಡಿದರೆಂಬ ಪಟ್ಟಿ ಬರೆದವನಿಗೆ ಕಾಣುತ್ತದೆಯಂತೆ, ನಮಗೆ ತಿಳಿದಿರಲಿಲ್ಲ. ‘ಬೆಳಗಾಗೋ ತನಕ ಆ ಪಟ್ಟಿನೇ ನೋಡಿಕೋತ ಕುಂತಿದ್ದೆ, ದೊಡ್ಡಪ್ಪಾ. ನಿಮ್ಮ ಹೆಸರೂ ಬಂತು’ ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ.