ಬಿನ್ನಿಪೇಟೆಯ ಮಾತು ಕಲಬೆರಕೆಯೆ?

ಬಿನ್ನಿಪೇಟೆಯ ಕಡೆಯ ಜನರು ಆಡುವುದು ಕನ್ನಡವೇ ಅಲ್ಲ, ಇಂಗ್ಲಿಷು ತಮಿಳು ಉರ್ದುಗಳ ಕಲಬೆರಕೆಯೆಂದು ನಮ್ಮ ವಿದ್ಯಾವಂತರು ಹಗುರವಾಗಿ ನುಡಿಯುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ನಿಜವಾದ ಬೆರಕೆನುಡಿ ಎಂತಹುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಆಫ್ರಿಕದ ನಾನಾ ಕಡೆಗಳಿಂದ ಕಬ್ಬಿನ ತೋಟಗಳಿಗೆ ಹಿಡಿತಂದ ಗುಲಾಮರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಒಡೆಯನ ಮಾತನ್ನು ಕಲಿಸುವವರೂ ಇಲ್ಲ. ಕಿವಿಗೆ ಬಿದ್ದ ಒಡೆಯನ ಶಬ್ದಗಳನ್ನೇ ಹೆಕ್ಕಿ ತಮ್ಮದೇ ಕಟ್ಟಿನಲ್ಲಿ ಪೋಣಿಸಿಕೊಂಡರು. ಅವರ ಮಕ್ಕಳಿಗೆ ಅದೇ ತಾಯಿನುಡಿಯಾಯಿತು. ಸುರಿನಾಮಿನ ಸಂಗತಿಯಂತೂ ಸೋಜಿಗವಾದುದು. 1667ರಲ್ಲಿ ಆ ಸೀಮೆ ಇಂಗ್ಲಿಷರಿಂದ ಡಚ್ಚರ ಕೈ ಸೇರಿತು. ಆದರೂ ಅಲ್ಲಿಯ ಸ್ರಾನನ್ ನುಡಿಯ ಬುನಾದಿಯ ಶಬ್ದಗಳು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನವೇ. ನ್ಯೂಗಿನಿಯ ಟೋಕ್ ಪಿಸಿನ್ ನುಡಿಯಲ್ಲಿ ಇಂಗ್ಲಿಷ್ ಪದಗಳಿಂದಲೇ ತಲೆಗೂದಲಿಗೆ 'ತಲೆಯ ಹುಲ್ಲು' ಎಂಬ ಹೆಸರಾಗಿದೆ. ಮೊಟ್ಟೆಗೆ ಮಾತ್ರ ಆ ನಾಡಿನದೇ ನುಡಿಯ 'ಕಿಯಾವು'.

ಇನ್ನು ನಮ್ಮ ಪೇಟೆಗೆ ಬರೋಣ. 1884ರಲ್ಲಿ ಹುಟ್ಟಿ, ಮುಂದೆ ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದ ಉಣ್ಣೆ ಹತ್ತಿ ರೇಷ್ಮೆಗಳ ಮಿಲ್ಲಿನೊಡನೆ ಲೂಮು, ಬಾಬಿನ್ನು, ಶಿಫ್ಟು ಎಂಬ ಶಬ್ದಗಳೂ ಬಂದವು. ವಸ್ತು ಹೊಸದು, ಹೆಸರೂ ಅದರ ಬೆನ್ನಿಗೇ ಬಂದಿತು. ಆದರೆ 'ಶಿಫ್ಟಿಗೆ ಹೊತ್ತಾಯಿತು' ಎಂಬಲ್ಲಿ ವಿಭಕ್ತಿಯಾರದು, ಕ್ರಿಯಾಪದವಾರದು? ಸಂಜೆ ಮನೆಗೆ ಮರಳಿದ ಕನ್ನಡಿಗನಿಗೆ ಅವ್ವ, ಅಕ್ಕ, ಮುದ್ದೆ, ಸಾರು. ತಮಿಳನಿಗೆ ಅವನ ತಮಿಳು. ಮರಳಲು ಮನೆಮಾತಿದ್ದವನಿಗೆ ಗುಲಾಮನ ಗತಿ ಬರಲಿಲ್ಲ. 'ಮೇಸ್ತ್ರಿ' ಪೋರ್ಚುಗೀಸರಿಂದ ಬಂದುದು, 'ಹಾಜರಿ'ಯ ಮೂಲ ಅರಬ್ಬಿ. ಹಗಲೆಲ್ಲ ಜಮೀನು, ದರಖಾಸ್ತು, ತಹಸೀಲ್ದಾರ ಎನ್ನುತ್ತಿರುವ ಅಧಿಕಾರಿ ಮಹಾಶಯರು ಕೂಲಿಯವನ ಬಾಬಿನ್ನನ್ನು ಕಂಡು ನಗುವುದು ಯಾವ ನ್ಯಾಯ?

ನಮಗೆ ಅಂಜಿಕೆಯಿರುವುದು ಬೇರೆಡೆ. ಓದಿದವರ ಮನೆಗಳಲ್ಲಿಯೇ ಅತ್ತೆ ಚಿಕ್ಕಮ್ಮಂದಿರೆಲ್ಲರೂ 'ಆಂಟಿ'ಯರಾಗಿದ್ದಾರೆ. ಮಕ್ಕಳು ಬಣ್ಣಗಳನ್ನೂ ಎಣಿಕೆಯನ್ನೂ ಇಂಗ್ಲಿಷಿನಲ್ಲಿಯೇ ಹೇಳುವರು. ಇಲ್ಲಿ ಯಾವ ಹೊಸ ವಸ್ತು ಬಂದಿತ್ತು? ಬೀಗದ ಬಾಯಿಯಿಂದ ದುಡಿಸುವ ಒಡೆಯನೂ ಇಲ್ಲ. ಇದ್ದ ಶಬ್ದವನ್ನು ನಾವೇ ಹೊರದೂಡಿದ್ದೇವೆ.

ಮಿಲ್ಲು ಈಗ ಇಲ್ಲ. ಆ ನೆಲದಲ್ಲಿ ಎತ್ತರದ ವಸತಿಸೌಧಗಳು ಎದ್ದಿವೆ. ಮಗ್ಗದ ಮುಂದೆ ನಿಂತು ದುಡಿದವರಲ್ಲಿ ಬದುಕಿರುವವರು ವೃದ್ಧರಾಗಿದ್ದಾರೆ. ನೂಲು ಕಡಿದುದಕ್ಕೆ, ಯಂತ್ರ ಮುನಿದುದಕ್ಕೆ ಅವರಿಟ್ಟ ಹೆಸರುಗಳು ಯಾವ ನಿಘಂಟನ್ನೂ ಕಾಯುತ್ತ ಕುಳಿತಿರವು. 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಮಂದಿರವಿರುವುದು ಚಾಮರಾಜಪೇಟೆಯಲ್ಲಿ. ಅಲ್ಲಿಂದ ಬಿನ್ನಿಪೇಟೆ ಬಹುದೂರವೇನಲ್ಲ. ಪರಿಷತ್ತಿನವರು ನಾಲ್ವರು ತರುಣರ ಕೈಗೆ ಪುಸ್ತಕ ಪೆನ್ಸಿಲುಗಳನ್ನು ಕೊಟ್ಟು ಈ ವರ್ಷವೇ ಅತ್ತ ಕಳುಹಿಸಬೇಕೆಂದು ಕೋರುತ್ತೇವೆ.