ಹಾಡು ಮುಗಿದ ಮೇಲೆ ಹಾಯಿದೋಣಿಯಲ್ಲಿ…

ಮೈಸೂರು ರಾಜೀವನಗರದ ಎರಡನೇ ಹಂತದಿಂದ ಸೋದರಿಯೊಬ್ಬರು ಬರೆದಿದ್ದಾರೆ: “ಸಿನಿಮಾದಲ್ಲಿ ನಾಯಕ-ನಾಯಕಿ ಬಿಳಿ ಹಾಯಿದೋಣಿಯ ಮೇಲೆ ಹಾಡ್ತಾರೆ. ನೀಲಿ ನೀರು, ತೆಂಗಿನ ಮರ. ಹಾಡು ಮುಗಿದ ಮೇಲೆ ಅಲ್ಲೇ ಇದ್ದುಬಿಟ್ಟರೆ ದಿನವಿಡೀ ಏನು ಮಾಡ್ತಾರೆ? ನಮಗಂತೂ ನಲ್ಲಿ ಬಂದ ದಿನ ಕೊಡ ತುಂಬಿಸೋದರಲ್ಲೇ ಬೆಳಗು ಕಳೆಯುತ್ತೆ. ಅಂಥ ಬಾಳು ನಮಗೆಲ್ಲಿ ಬರಬೇಕು?”

ಭೇಷ್! ನಮ್ಮ ನಿರ್ದೇಶಕ ಮಹಾಶಯರಿಗೆ ಹೊಳೆಯದ ಪ್ರಶ್ನೆ ಇದು. ಉತ್ತರ ಕೇಳಿ ತಾಯಿ, ಅವರೂ ಕೊಡ ತುಂಬಿಸ್ತಾರೆ!

ದ್ವೀಪದ ಪಕ್ಕ ಲಂಗರು ಹಾಕಿ ನಿಂತ ಹಾಯಿದೋಣಿ ಅಂದರೆ ಅಲ್ಲಾಡುವ ವಠಾರದ ಮನೆ. ಸುತ್ತ ಸಮುದ್ರ, ಸಿಹಿನೀರು ಮಾತ್ರ ತೊಟ್ಟಿಯಲ್ಲಿದ್ದಷ್ಟೇ. ಪಾತ್ರೆ ಬೆಳಗೋದು ಉಪ್ಪುನೀರಲ್ಲಿ, ಕೊನೆಗೊಂದು ಚೊಂಬು ಸಿಹಿನೀರು. ಸ್ನಾನವೂ ಹಾಗೇ. ಮಳೆ ಬಂತೋ, ಬಿಸಿಲಿಗೆ ಕಟ್ಟಿದ ಬಟ್ಟೆಯನ್ನೇ ತಗ್ಗಿಸಿ ಬಕೆಟ್ಟು ಹಿಡಿಯಬೇಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಈಗ ಬಂದಿದೆ, ನಿಜ. ಆದರೆ ಅದಕ್ಕೆ ಕರೆಂಟು ಬೇಕಲ್ಲ? ತರಕಾರಿ ಬೇಕಾದರೆ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗಿ, ಚೀಲ ನೆನೆಯದಂತೆ ವಾಪಸು ಬರಬೇಕು.

ರಾತ್ರಿಯಾದರೂ ನೆಮ್ಮದಿಯೇ? ಕಬ್ಬಿಣ ಬಿಸಾಡಿದರೆ ಲಂಗರು ಹಾಕಿದಂತಲ್ಲ. ನೀರಿನ ಆಳದ ಐದಾರು ಪಟ್ಟು ಸರಪಳಿ ಬಿಡಬೇಕು. ಎಳೆತ ಅಡ್ಡಕ್ಕೆ ಬಿದ್ದರೆ ಲಂಗರು ನೆಲ ಕಚ್ಚುತ್ತೆ, ಮೇಲಕ್ಕೆ ಬಿದ್ದರೆ ಕಿತ್ತು ಬರುತ್ತೆ. ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತೆ. ಹಿಂದೆಯೇ ಹವಳದ ಬಂಡೆ! ಅದಕ್ಕೇ ನಡುರಾತ್ರಿ ಎದ್ದು, ದಡದ ದೀಪ ಮಲಗುವಾಗ ಕಂಡ ಜಾಗದಲ್ಲೇ ಕಾಣುತ್ತಾ ಅಂತ ನೋಡೋದು.

ಮಾರಿಷಸ್ ಅಂದ್ರೆ ನಿರ್ಮಾಪಕರಿಗೆ ಡ್ಯುಯೆಟ್ಟು. 2018ರ ಏಪ್ರಿಲಿನಲ್ಲಿ ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಹಾಯಿದೋಣಿಯಲ್ಲಿ ಅಲ್ಲಿಗೆ ಹೋದರು. ಯಾಕೆ? ಚುಕ್ಕಾಣಿ ಕೆಟ್ಟಿತ್ತು! ವರ್ತಿಕಾ ಜೋಶಿ ನಾಯಕಿ. ದೋಣಿ 56 ಅಡಿ. ರಿಪೇರಿ ಮಾಡಿಸಿಕೊಂಡು ಹೊರಟು ಮೇ 21ಕ್ಕೆ ಗೋವಾ ಸೇರಿದಾಗ, ಅಲ್ಲಿಂದಲೇ ಹೊರಟು ಭೂಮಿ ಸುತ್ತಿ 254 ದಿನ. ನಾಯಕಿ ಅಂದ್ರೆ ಇವರಪ್ಪ!

ಅಷ್ಟು ದೂರ ಯಾಕೆ? ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿಗಳಿವೆ. ಮರದ ಹಡಗುಗಳು, ಹಿಂದೆ ಹಾಯಿಯೇ ಗತಿ, ಆಮೇಲೆ ಇಂಜಿನ್ ಬಂತು. ತರಕಾರಿ, ದಿನಸಿ, ಸಿಮೆಂಟು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು ಒಂದು ಕಾಲಕ್ಕೆ ನಮ್ಮ ಟಿಪ್ಪುವಿನ ಆಡಳಿತದಲ್ಲಿದ್ದವು! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಪಾಲು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಬೇರೆಯಾದವು. ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂದ ದಿನವೇ ದ್ವೀಪ ಕೈಬಿಟ್ಟಿತು ನೋಡಿ.

ಮಂಜಿಯವರ ಅಡಿಗೆ, ಊಟ, ನಿದ್ದೆ ಎಲ್ಲ ಸರಕಿನ ನಡುವೆ. ನಮ್ಮ ಕ್ಯಾಮೆರಾ ಆ ಒಲೆಯ ಹತ್ತಿರ ಸುಳಿದದ್ದು ನಾನಂತೂ ಕಂಡಿಲ್ಲ. 1987ರಲ್ಲಿ ಶಂಕರನಾಗ್ ‘ಒಂದು ಮುತ್ತಿನ ಕಥೆ’ಯಲ್ಲಿ ಅಣ್ಣಾವ್ರನ್ನು ಮುತ್ತಿಗಾಗಿ ಮುಳುಗಿಸಿದರಲ್ಲ, ಅಲ್ಲಿ ಸಮುದ್ರ ದುಡಿಮೆಯ ಜಾಗವಾಗಿತ್ತು. ಆಮೇಲೆ ಅದು ಹೆಚ್ಚಾಗಿ ಹಾಡಿನ ಹಿಂದಿನ ಪರದೆ!

ಓದುಗರೇ, ಈ ಪತ್ರಿಕೆ ಕೊಂಡ ಬಸ್ ಸ್ಟ್ಯಾಂಡಿನಲ್ಲೇ ಮಂಗಳೂರಿನ ಬಸ್ಸು ಕೇಳಿ ನೋಡಿ. ಮಳೆಗಾಲ ಬೇಡ, ಆಗ ಮಂಜಿ ಕದಲೋದಿಲ್ಲ. ದಸರಾ ಕಳೆದ ಮೇಲೆ ಹೋಗಿ, ಹೊರಡಲು ನಿಂತ ಮಂಜಿಯಲ್ಲಿ ಸಿಹಿನೀರಿನ ಡ್ರಮ್ಮು ಎಷ್ಟಿವೆ ಅಂತ ಎಣಿಸಿ, ಒಂದು ಕಾರ್ಡು ಬರೆಯಿರಿ. ಅಚ್ಚು ಹಾಕಿಸೋಣ.